ಕೆಳಮನೆಯವರ ಕಿವಿ

ನಮ್ಮ ಭಾವ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆಂಟು ವರ್ಷಗಳಿಂದ ಅದೇ ಕೆಲಸ. ಕಟ್ಟಡದ ನೆತ್ತಿಯ ಮೇಲಿರುವ ಮೋಟಾರು ಕೋಣೆಗೆ ಹತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾರೆ. "ಎಡಗಡೆ ಬೇರಿಂಗು. ಇನ್ನೊಂದು ಹದಿನೈದು ದಿನ ಎಳೀಬಹುದು" ಎಂದರೆ ಹದಿನಾರನೆಯ ದಿನ ಆ ಬೇರಿಂಗು ಕಿರುಚಲೇಬೇಕು. ಅದಕ್ಕೇ ಜೊತೆಯವರು ಅವರಿಗಿಟ್ಟ ಹೆಸರು ಕಿವಿರಾಯ. ಆ ಹೆಸರಿನ ಮೇಲೆ ಅವರಿಗೆ ತುಸು ಜಾಸ್ತಿಯೇ ಹೆಮ್ಮೆ.

ನನ್ನ ಅಕ್ಕನದೂ ಕಿವಿಯದೇ ಕಸುಬು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಾಳೆ. ಗಾಜಿನ ಕೋಣೆಯಲ್ಲಿ ಜನರನ್ನು ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, "ಸದ್ದು ಕೇಳಿದ ತಕ್ಷಣ ಕೈ ಎತ್ತಿ" ಎಂದು ದಿನಕ್ಕೆ ಮೂವತ್ತು ಸಲವಾದರೂ ಹೇಳುತ್ತಾಳೆ. ಮನೆಯಲ್ಲಿ ಮಾತ್ರ ಭಾವ ಕರೆದರೆ ಅವಳಿಗೆ ಮೂರನೇ ಕೂಗಿಗೂ ಕೇಳಿಸುವುದಿಲ್ಲ.

ಭಾವನಿಗೆ ಗಿಟಾರಿನ ಹುಚ್ಚು ಹತ್ತೊಂಬತ್ತನೇ ವಯಸ್ಸಿಗೇ ಹಿಡಿದದ್ದು. ಯಾವುದೋ ಹೋಟೆಲಿನವರು ತಮ್ಮ ವಾದ್ಯಗೋಷ್ಠಿಯನ್ನು ಮುಚ್ಚಿದಾಗ, ಅಲ್ಲಿ ಲಿಫ್ಟ್ ನೋಡಿಕೊಳ್ಳುತ್ತಿದ್ದ ಇವರಿಗೆ ಮೂಲೆಯಲ್ಲಿದ್ದ ಹಳೆಯ ಆಂಪ್ಲಿಫೈಯರನ್ನು ಕೊಟ್ಟಿದ್ದರು. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು ಅದರೊಳಗೆ ಕೆಂಪಗೆ ಉರಿಯುತ್ತವೆ. ಭಾರದಲ್ಲಿ ಬೀಸುವ ಕಲ್ಲಿನ ಅಣ್ಣ. ಅದರದೊಂದು ಹಟವೆಂದರೆ, ಮೆಲ್ಲಗೆ ನುಡಿಸಿದರೆ ನೆಗಡಿಯಾದವರ ಹಾಗೆ ಗೊಣಗುತ್ತದೆ. ದನಿ ಏರಿಸಿದರೆ ಮಾತ್ರ ಅದರ ಕೊರಳು ಬಿಚ್ಚುತ್ತದೆ. ಭಾವ ಏರಿಸುತ್ತಿದ್ದರು. ದಿನಾ ಸಂಜೆ ಆರರಿಂದ ಏಳರವರೆಗೆ, ಈಗಿನ ಮೂರನೇ ಮಹಡಿಯ ಮನೆಗೆ ಬಂದ ಹನ್ನೊಂದು ವರ್ಷವೂ.

ಎರಡನೇ ಮಹಡಿಯಲ್ಲಿ, ಸರಿಯಾಗಿ ಇವರ ನೆಲದ ಕೆಳಗೆ, ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಒಬ್ಬರೇ ಇದ್ದಾರೆ. ಕಟ್ಟಡಕ್ಕೆಲ್ಲ ಅವರು ವಾಚ್ ಮಾಮ. ವಯಸ್ಸು ಎಪ್ಪತ್ತೊಂದು. ಅಂಗಡಿ ಬಿಟ್ಟ ಮೇಲೆ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಮನೆಯಲ್ಲೇ ಕೆಲಸ ಮಾಡುತ್ತಾರೆ. ಆಂಪ್ ಜೋರಾದಾಗಲೆಲ್ಲ ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟುವುದು ಅವರ ಪದ್ಧತಿ. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಎಣ್ಣೆ ಸೀಗೆಕಾಯಿ ಎನ್ನುತ್ತಾರಲ್ಲ, ಹಾಗೆ.

ಮೂರು ವರ್ಷದ ಹಿಂದೆ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಭಾವನ ಎಡಗೈ ಉಂಗುರ ಬೆರಳು ಜಜ್ಜಿಹೋಯಿತು. ಗಾಯವೇನೋ ಮಾಗಿತು, ಆದರೆ ಬೆರಳು ಪೂರ್ತಿ ಮಡಿಸಲು ಬಾರದಾಯಿತು. ಎರಡು ವರ್ಷ ಹಾಗೇ ನುಡಿಸಿದ ಮೇಲೆ ಅವರಿಗೊಂದು ಯೋಚನೆ ಹತ್ತಿತು. ಇಷ್ಟು ವರ್ಷದಲ್ಲಿ ತಾವೇ ಕಟ್ಟಿದ ಹನ್ನೆರಡು ಧಾಟಿಗಳಿವೆ. ಪದಗಳಿಲ್ಲ, ಹೆಸರೂ ಇಲ್ಲ. ಒಂದು, ಎರಡು ಎಂಬ ನಂಬರು ಅಷ್ಟೇ. ಉಳಿದ ಬೆರಳುಗಳು ಮಾತು ಕೇಳುತ್ತಿರುವಾಗಲೇ ಇವನ್ನು ಮನೆಯಲ್ಲೇ ರೆಕಾರ್ಡ್ ಮಾಡಿಡಬೇಕು.

ಮೈಕು ತಂದರು. ಆಂಪಿನ ಮುಂದೆ ಇಟ್ಟರು. ದನಿ ಏರಿಸಿದರು. ಹತ್ತು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ನೋಡಿದರೆ ವಾಚ್ ಮಾಮ, ಒಂದು ಕಣ್ಣಿನ ಮೇಲೆ ಭೂತಗನ್ನಡಿ ಇನ್ನೂ ಹಾಗೇ ಸಿಕ್ಕಿಸಿಕೊಂಡಿದೆ.

"ಸ್ಕ್ರೂ ಹಾರಿಹೋಯ್ತು ಸ್ವಾಮಿ" ಎಂದರು. ಸಿಟ್ಟಿರಲಿಲ್ಲ, ಅಳುವ ಹಾಗಿದ್ದರು. "ಸಾಸಿವೆ ಕಾಳಿನಷ್ಟೂ ಇಲ್ಲ ಅದು. ಇಲ್ಲಿ ನೀವು ಶುರು ಮಾಡಿದ್ರೆ ಕೆಳಗೆ ತಟ್ಟೇಲಿರೋದೆಲ್ಲ ಕುಣಿಯುತ್ತೆ. ಆ ಗಡಿಯಾರಕ್ಕೆ ಇನ್ನೊಂದು ಸ್ಕ್ರೂ ಎಲ್ಲೂ ಸಿಗಲ್ಲ."

ಭಾವನ ಮುಖ ಹುಳ್ಳಗಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೆಳಗಿಳಿದು ಆ ಮನೆಯೊಳಗೆ ಹೋದರು. ಜೇಬಿನಿಂದ ಅಯಸ್ಕಾಂತ ತೆಗೆದದ್ದೇ ತಡ, ವಾಚ್ ಮಾಮ "ಅಯ್ಯೋ, ಅದು ಬೇಡ! ಅದು ತಾಗಿದ್ರೆ ಗಡಿಯಾರ ಸರಿಯಾಗಿ ಓಡಲ್ಲ" ಎಂದು ಕೈ ಹಿಡಿದುಕೊಂಡರು. ಭಾವ ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹೊತ್ತಿಸಿ, ಹೊಟ್ಟೆಯ ಮೇಲೆ ತೆವಳುತ್ತ ಹುಡುಕಿದರು. ಅಡ್ಡಬಿದ್ದ ಬೆಳಕಿನಲ್ಲಿ ಧೂಳಿನ ಕಣಕ್ಕೂ ನೆರಳಿರುತ್ತದೆ. ಸ್ಟೂಲಿನ ಕಾಲಿನ ಹತ್ತಿರ ಸ್ಕ್ರೂ ಮಿಣುಕಿತು.

"ಇನ್ನು ಮೇಲೆ ಅದನ್ನ ಹಚ್ಚಲ್ಲ ಯಜಮಾನ್ರೇ" ಎಂದು ಮಾತು ಕೊಟ್ಟು ಭಾವ ಮೇಲೆ ಬಂದರು.

ಮಾತು ಕೊಟ್ಟಾಯಿತು, ರೆಕಾರ್ಡಿಂಗ್ ಹೇಗೆ? ಈಗ ಆಂಪಿನ ದನಿಯನ್ನು ಅನುಕರಿಸುವ ಸಣ್ಣ ಸಣ್ಣ ಪೆಟ್ಟಿಗೆಗಳು ಬಂದಿವೆ. ಮಾಡೆಲರ್ ಎನ್ನುತ್ತಾರೆ. ಗಿಟಾರನ್ನು ಅದಕ್ಕೆ ಸಿಕ್ಕಿಸಿ, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಆಯಿತು; ದೊಡ್ಡ ಆಂಪಿನ ಗುಡುಗು ನಮ್ಮ ಹೆಡ್‌ಫೋನಿನಲ್ಲಿ ಮಾತ್ರ ಕೇಳುತ್ತದೆ, ಪಕ್ಕದಲ್ಲಿ ಕೂತವರಿಗೆ ತಂತಿಯ ಟಿಣ್ ಟಿಣ್ ಅಷ್ಟೇ. ಭಾವ ಮೂರನ್ನು ಹೊಂದಿಸಿದರು. ಒಂದು, ಜೊತೆ ಕೆಲಸದವನ ತಂಗಿಯದು. ಅಂಗೈಯಷ್ಟು, ತಿರುಗಿಸುವ ಗುಬುಟು ನಾಲ್ಕೇ. ಅದಕ್ಕೆ ಅಕ್ಕ ಸೋಪುಡಬ್ಬಿ ಎಂದು ಹೆಸರಿಟ್ಟಳು. ಇನ್ನೊಂದು, ವಾದ್ಯದಂಗಡಿಯವರು ನೋಡಿ ಹೇಳಿ ಎಂದು ಕೊಟ್ಟಿದ್ದು. ಬಣ್ಣದ ಪರದೆ, ಇನ್ನೂರು ಬಗೆಯ ಆಂಪುಗಳ ದನಿ. ಅದು ಊಟದ ಡಬ್ಬಿ. ಮೂರನೆಯದಕ್ಕೆ ಪೆಟ್ಟಿಗೆಯೇ ಇಲ್ಲ, ನನ್ನ ಲ್ಯಾಪ್‌ಟಾಪಿನೊಳಗೆ ಹಾಕಿದ ಸಾಫ್ಟ್‌ವೇರು. ಅದು ಕಾಣದವನು.

ಮುಂದಿನ ಐದು ವಾರ ಭಾವ ಒಂದು ಧಾಟಿಯನ್ನೂ ರೆಕಾರ್ಡ್ ಮಾಡಲಿಲ್ಲ. ಗುಬುಟು ತಿರುಗಿಸುವುದು, ಕೇಳುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. "ಸೋಪುಡಬ್ಬಿ: ಮಂದ್ರದಲ್ಲಿ ಮಣ್ಣು." "ಕಾಣದವನು: ಅಂಚು ಚೂಪು, ಮನಸ್ಸಿಲ್ಲ." ಊಟದ ಡಬ್ಬಿಯ ಬಗ್ಗೆ ಮಾತ್ರ ಒಂಬತ್ತು ಪುಟ. ನಾನು ಭಾನುವಾರ ಹೋದಾಗಲೆಲ್ಲ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿ, "ಈಗ ಹೇಳು, ಇದು ಅದೇ ಅಲ್ವಾ? ನಮ್ಮ ಆಂಪೇ ಅಲ್ವಾ?" ಎನ್ನುತ್ತಿದ್ದರು. ನನಗೆ ಎಲ್ಲವೂ ಗಿಟಾರಿನ ಹಾಗೆಯೇ ಕೇಳುತ್ತಿತ್ತು.

ಕೊನೆಗೆ ಅಕ್ಕನ ತಾಳ್ಮೆ ಹರಿಯಿತು. "ನನ್ನನ್ನ ಒಪ್ಪೋಕೂ ನೀವು ಇಷ್ಟು ಯೋಚನೆ ಮಾಡಿರಲಿಲ್ಲ" ಎಂದಳು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಪರೀಕ್ಷೆ ನಾನು ಮಾಡ್ತೀನಿ, ನಮ್ಮ ಆಸ್ಪತ್ರೆ ಕ್ರಮದಲ್ಲಿ. ಕಣ್ಣಿಗೆ ಏನೂ ಕಾಣಬಾರದು, ಕಿವಿ ಒಂದೇ ಕೆಲಸ ಮಾಡಬೇಕು."

ಅವಳ ಕ್ರಮ ಗಟ್ಟಿಯಾಗಿಯೇ ಇತ್ತು. ಭಾವ ಐದನೇ ಧಾಟಿಯನ್ನು ಒಂದೇ ಒಂದು ಸಲ ನುಡಿಸಬೇಕು. ಆಂಪಿಲ್ಲದ ಬರಿಯ ತಂತಿಯ ಸದ್ದು ಕಂಪ್ಯೂಟರಿನಲ್ಲಿ ಕೂತಿರಬೇಕು. ಅದೇ ಸದ್ದನ್ನು ಮೂರು ಮಾಡೆಲರಿಗೂ ನಿಜವಾದ ಆಂಪಿಗೂ ಕಳಿಸಿ ಮತ್ತೆ ಹಿಡಿಯಬೇಕು. ನಾಲ್ಕರ ದನಿಯನ್ನೂ ಅವಳೇ ಮೀಟರಿನಲ್ಲಿ ಅಳೆದು ಸಮ ಮಾಡುತ್ತಾಳೆ. "ಜೋರಾಗಿರೋದೇ ಚೆನ್ನಾಗಿದೆ ಅನ್ನಿಸುತ್ತೆ ಎಲ್ಲರಿಗೂ. ನಮ್ಮ ಕಸುಬಿನ ಮೊದಲ ಪಾಠ ಅದು."

ನಿಜವಾದ ಆಂಪನ್ನು ಹತ್ತು ನಿಮಿಷ ಹಚ್ಚಲೇಬೇಕಿತ್ತು. ಅನುಮತಿ ಕೇಳಲು ಅಕ್ಕನೇ ಕೆಳಗೆ ಹೋದಳು. ವಾಚ್ ಮಾಮ ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಸಂಕೋಚದಿಂದ, "ಹತ್ತು ನಿಮಿಷ ತಟ್ಟೆ ಮುಚ್ಚಿಡ್ತೀನಿ, ಪರವಾಗಿಲ್ಲ. ಆದ್ರೆ ಆ ಪರೀಕ್ಷೆಗೆ ನಾನೂ ಬರಬಹುದಾಮ್ಮ?" ಎಂದರಂತೆ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನಾವು ಮೂವರು ಸೋಫಾದ ಮೇಲೆ ಸಾಲಾಗಿ ಕೂತೆವು. ಭಾವ, ನಾನು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ವಾಚ್ ಮಾಮ. ಅಕ್ಕ ನಮ್ಮ ಬೆನ್ನ ಹಿಂದೆ ಲ್ಯಾಪ್‌ಟಾಪ್ ಹಿಡಿದು ನಿಂತಳು. ಒಬ್ಬೊಬ್ಬರಿಗೂ ಒಂದು ಚೀಟಿ, ಒಂದು ಪೆನ್ಸಿಲು. ನಾಲ್ಕು ತುಣುಕು ಕೇಳಿಸುತ್ತಾಳೆ. ನಿಜವಾದ ಆಂಪು ಎಷ್ಟನೆಯದು ಎಂದು ಬರೆಯಬೇಕು. ಹೀಗೆ ಮೂರು ಸುತ್ತು, ಪ್ರತಿ ಸಲವೂ ಕ್ರಮ ಬದಲು.

"ಮಾತಾಡೋ ಹಾಗಿಲ್ಲ, ಒಬ್ಬರ ಚೀಟಿ ಒಬ್ಬರು ನೋಡೋ ಹಾಗಿಲ್ಲ" ಎಂದಳು. ಭಾವ ಕಣ್ಣು ಮುಚ್ಚಿ ಮೋಟಾರು ಕೋಣೆಯ ಭಂಗಿಯಲ್ಲಿ ತಲೆ ವಾಲಿಸಿದರು. ಕೇಳಿದ ತಕ್ಷಣ ಟಕಟಕ ಬರೆದರು. ನಾನು ಮನಸ್ಸಿಗೆ ಬಂದ ನಂಬರು ಬರೆದೆ. ವಾಚ್ ಮಾಮ ನಾಲ್ಕೂ ತುಣುಕು ಮುಗಿದ ಮೇಲೆಯೇ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದರು.

ಅಕ್ಕ ಚೀಟಿಗಳನ್ನು ನೋಡಿದಳು. ತುಟಿ ಕಚ್ಚಿ ನಗು ತಡೆದುಕೊಂಡಳು.

"ನನ್ನ ತಂಗೀದು ಒಂದು ಸರಿ. ಮಾಮಂದು ಮೂರಕ್ಕೆ ಮೂರೂ ಸರಿ." ಆಮೇಲೆ ಗಂಡನ ಕಡೆ ತಿರುಗಿ, "ಕಿವಿರಾಯರು ಮೂರು ಸುತ್ತಿನಲ್ಲೂ ಊಟದ ಡಬ್ಬೀನೇ ನಮ್ಮ ಆಂಪು ಅಂತ ಬರೆದಿದ್ದಾರೆ."

ಭಾವ ಕಕ್ಕಾಬಿಕ್ಕಿ. "ಆಗಕ್ಕೇ ಸಾಧ್ಯ ಇಲ್ಲ. ಇನ್ನೊಂದು ಸುತ್ತು ಹಾಕು" ಎಂದರು. ಹಾಕಿದಳು. ಮತ್ತೆ ಊಟದ ಡಬ್ಬಿ. ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೂ. ಭಾವ ಒಂದು ನಿಮಿಷ ಮುಖ ಗಂಟಿಕ್ಕಿಕೊಂಡು ಕೂತು, ಆಮೇಲೆ ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ವಾಚ್ ಮಾಮನ ಕಡೆ ಬಾಗಿ, "ಹೇಗೆ ಗೊತ್ತಾಯ್ತು ಯಜಮಾನ್ರೇ?" ಎಂದು ಕೇಳಿದರು.

"ನೀವು ಅದನ್ನ ನುಡಿಸಿದ್ದೀರಿ, ನಾನು ಕೇಳಿದ್ದೀನಿ" ಎಂದರು ಅವರು. "ಹನ್ನೊಂದು ವರ್ಷ, ದಿನಕ್ಕೊಂದು ಗಂಟೆ. ನೀವು ಜೋರಾಗಿ ಮೀಟಿದಾಗ ನಿಮ್ಮ ಯಂತ್ರ ಒಂದು ಚೂರು ಕುಗ್ಗುತ್ತೆ, ಆಮೇಲೆ ಎದ್ದು ನಿಲ್ಲುತ್ತೆ. ವಯಸ್ಸಾದವರು ಕುರ್ಚಿಯಿಂದ ಏಳೋ ಹಾಗೆ. ಈ ಮೂರರಲ್ಲಿ ಆ ಕುಗ್ಗು ಇಲ್ಲ. ಎಲ್ಲವೂ ತಟ್ಟನೆ ಎದ್ದು ನಿಲ್ತವೆ."

ಅಕ್ಕ ಆ ತುಣುಕನ್ನು ಮತ್ತೆ ಹಾಕಿದಳು. ಹೇಳಿದ ಮೇಲೆ ನನ್ನಂಥವಳಿಗೂ ಕೇಳಿಸಿತು, ಮೀಟಿನ ಬೆನ್ನಿಗೇ ಒಂದು ಸಣ್ಣ ಉಸಿರು. ಭಾವ ಸೋಪುಡಬ್ಬಿಯನ್ನು ಕೈಗೆತ್ತಿಕೊಂಡರು. ಅದರ ನಾಲ್ಕನೇ ಗುಬುಟು ಯಾತಕ್ಕೆಂದು ಐದು ವಾರದಲ್ಲಿ ಅವರು ಯೋಚಿಸಿಯೇ ಇರಲಿಲ್ಲ. ಅದು ಇದೇ ಕುಗ್ಗಿನದು. ವಾಚ್ ಮಾಮ ಕಣ್ಣು ಕಿರಿದು ಮಾಡಿ, "ಇನ್ನು ಸ್ವಲ್ಪ... ಇನ್ನು ಒಂದು ಕೂದಲು... ಜಾಸ್ತಿ ಆಯ್ತು, ಹಿಂದೆ... ಹಾಂ, ಸಾಕು" ಎನ್ನುತ್ತ ಹೋದರು, ಭಾವ ತಿರುಗಿಸುತ್ತ ಹೋದರು. ಅಕ್ಕ ಹೊಸ ತುಣುಕನ್ನು ಸೇರಿಸಿ ಮತ್ತೊಂದು ಸುತ್ತು ಹಾಕಿದಳು. ಈ ಸಲ ವಾಚ್ ಮಾಮ ಪೆನ್ಸಿಲನ್ನು ಬಹಳ ಹೊತ್ತು ಗಾಳಿಯಲ್ಲೇ ಹಿಡಿದಿದ್ದರು. "ಎರಡಾ, ನಾಲ್ಕಾ... ಗೊತ್ತಾಗ್ತಿಲ್ಲಮ್ಮ" ಎಂದು ಕೊನೆಗೆ ಸೋಲೊಪ್ಪಿಕೊಂಡರು. ಭಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಊಟದ ಡಬ್ಬಿ ಸೋಮವಾರವೇ ಅಂಗಡಿಗೆ ವಾಪಸಾಯಿತು. ಕಾಣದವನನ್ನು ಅಳಿಸಿ ಹಾಕಿದೆವು.

ಆದರೆ ಅವತ್ತಿನ ದೊಡ್ಡ ಸುದ್ದಿ ಅದಲ್ಲ. ಕಾಫಿ ಕುಡಿಯುತ್ತ ಕೂತಿದ್ದಾಗ ವಾಚ್ ಮಾಮ ಕೇಳಿದರು, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಧಾಟಿಗೆ ಒಂದು ನಡೂ ಭಾಗ ಇತ್ತಲ್ಲ? ಅದನ್ನ ಯಾಕೆ ಬಿಟ್ಟುಬಿಟ್ರಿ? ಎರಡು ವರ್ಷದಿಂದ ಕಾಯ್ತಿದ್ದೀನಿ, ಬರ್ತಾನೇ ಇಲ್ಲ."

ಭಾವ ಲೋಟ ಕೆಳಗಿಟ್ಟರು. ಬೆರಳು ಮಡಿಸಲಾರದ್ದರಿಂದ ಆ ಭಾಗವನ್ನು ಹಾರಿಸಿ ನುಡಿಸುತ್ತಿದ್ದರು. ಹಾರಿಸಿ ಹಾರಿಸಿ ಅದು ಹೇಗಿತ್ತೆಂಬುದೇ ಮರೆತುಹೋಗಿತ್ತು. ಎಲ್ಲೂ ಬರೆದಿಟ್ಟಿರಲಿಲ್ಲ. ಅದನ್ನು ಬೇರೆ ಯಾರೂ ಗಮನಿಸಿರಲಿಲ್ಲ, ಅಕ್ಕ ಕೂಡ.

"ನಿಮಗೆ ನೆನಪಿದೆಯಾ?" ಎಂದು ಕೇಳಿದರು.

ವಾಚ್ ಮಾಮ ತುಟಿ ಒದ್ದೆ ಮಾಡಿಕೊಂಡು ಶಿಳ್ಳೆ ಹಾಕಿದರು. ಎಂಥ ಶಿಳ್ಳೆ! ಎಲ್ಲೂ ಅಲುಗದೆ, ತೆಳ್ಳಗೆ, ಬೆಳ್ಳಿ ತಂತಿಯ ಹಾಗೆ. ಹದಿನಾರು ಸಾಲೂ ಒಂದೂ ತಪ್ಪದೆ ಬಂದವು. ಭಾವ ಬಾಯಿ ತೆರೆದುಕೊಂಡು ಕೇಳಿದರು. ಕಣ್ಣು ತುಂಬಿ ಬಂದಿತ್ತು. "ಅದೇ, ಅದೇ" ಎನ್ನುತ್ತ ನಗುತ್ತಲೇ ಒರೆಸಿಕೊಂಡರು.

"ಮತ್ತೆ ಪೊರಕೆಯಲ್ಲಿ ಕುಟ್ಟುತ್ತಿದ್ರಲ್ಲ ಮಾಮ?" ಎಂದು ನಾನು ಕೇಳಿದೆ.

"ಕುಟ್ತಿದ್ದೆ. ಸ್ಕ್ರೂಗಳು ಕುಣೀತಿದ್ವಲ್ಲ. ಆದ್ರೆ ಕಿವಿಗೆ ರೆಪ್ಪೆ ಇಲ್ವಲ್ಲಮ್ಮ, ಧಾಟಿ ಒಳಗೆ ಬಂದು ಕೂತ್ಕೊಳ್ತಿತ್ತು."

ಉಂಗುರ ಬೆರಳಿಲ್ಲದೆ ಆ ಭಾಗವನ್ನು ನುಡಿಸುವ ದಾರಿ ಹುಡುಕಲು ಭಾವನಿಗೆ ಮೂರು ವಾರ ಬೇಕಾಯಿತು. ಕಿರುಬೆರಳಿಗೆ ಹೊಸ ಪಾಠ. ಎರಡು ಕಡೆ ಎಷ್ಟು ಮಾಡಿದರೂ ಬರಲಿಲ್ಲ. ಆ ಎರಡು ಕಡೆ ಶಿಳ್ಳೆಯೇ ಇರಲಿ ಎಂದು ಅಕ್ಕ ತೀರ್ಪು ಕೊಟ್ಟಳು. ಗಿಟಾರಿಗೇನೋ ಸೋಪುಡಬ್ಬಿ ಸಾಕು, ಶಿಳ್ಳೆಗೆ ಮೈಕು ಬೇಕು, ಮೈಕಿಗೆ ನಿಶ್ಶಬ್ದ ಬೇಕು. ಮನೆಯಲ್ಲಿ ಅಷ್ಟು ನಿಶ್ಶಬ್ದ ಇದ್ದದ್ದು ಅಕ್ಕನ ಬಟ್ಟೆಯ ಬೀರುವಿನೊಳಗೆ ಮಾತ್ರ. ವಾಚ್ ಮಾಮ ತಲೆ ಭುಜ ಎರಡನ್ನೂ ಬೀರುವಿನೊಳಗೆ ತೂರಿಸಿ, ಹಿಂದಿನಿಂದ ಭಾವ ಬೆನ್ನು ತಟ್ಟಿ ಸನ್ನೆ ಮಾಡಿದಾಗ ಶಿಳ್ಳೆ ಹಾಕಬೇಕು. ಮೊದಲ ನಾಲ್ಕು ಸಲ ನಗು ಬಂದು ಕೆಟ್ಟಿತು. ಐದನೆಯ ಸಲ ನ್ಯಾಫ್ತಲಿನ್ ಗುಳಿಗೆಯ ವಾಸನೆಗೆ ಸೀನು ಬಂತು. ಆರನೆಯದು ಸರಿಯಾಗಿ ಬಂತು.

ನಾಲ್ಕು ತಿಂಗಳಿಗೆ ಹನ್ನೊಂದು ಧಾಟಿ ಮುಗಿದವು. ಹನ್ನೆರಡನೆಯದನ್ನು ವಾಚ್ ಮಾಮ, "ಅದು ಏಳನೆಯದರ ತಮ್ಮ, ಬೇಡ" ಎಂದು ತೆಗೆಸಿದರು. ಭಾವ ಎರಡು ದಿನ ಮುನಿಸಿಕೊಂಡು, ಮೂರನೇ ದಿನ ಕೇಳಿ ನೋಡಿ ಒಪ್ಪಿಕೊಂಡರು. ಒಂದು ಸಂಜೆ ನಾವು ನಾಲ್ವರೂ ಕೂತು ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಐದನೆಯದರಲ್ಲಿ ಗಿಟಾರು ನಿಂತು ಶಿಳ್ಳೆ ಎದ್ದಾಗ ಅಕ್ಕ, ಯಾರೂ ಹೇಳದಿದ್ದರೂ, ಕೈ ಎತ್ತಿದ್ದಳು.

ಈಗ ಭಾವನ ಲಿಫ್ಟಿನ ಜೊತೆಯವರೆಲ್ಲರ ಫೋನಿನಲ್ಲೂ ಆ ಧಾಟಿಗಳಿವೆ. ಅವರನ್ನು ಕಿವಿರಾಯ ಎಂದು ಕರೆದರೆ, "ಆ ಬಿರುದು ಕೆಳಮನೆಗೆ ಹೋಯ್ತು" ಎನ್ನುತ್ತಾರೆ. ವಾಚ್ ಮಾಮನಿಗೆ ತಾವೇ ಧಾಟಿ ಕಟ್ಟುವ ಚಟ ಹತ್ತಿದೆ. ಹೋದ ಬುಧವಾರ ಸಂಜೆ ನಾನಿದ್ದಾಗಲೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಬನ್ನಿ ಮಾಮ, ಊಟ ಆಯ್ತಾ?" ಎಂದು ಅಕ್ಕ ಕೇಳಿದರೆ, ಮಾತಾಡಿಸಬೇಡ, ಧಾಟಿ ಮರೆತುಹೋಗುತ್ತದೆ ಎಂದು ಕೈಯಲ್ಲೇ ಸನ್ನೆ ಮಾಡಿ, ಶಿಳ್ಳೆ ಹಾಕುತ್ತಲೇ ನೇರವಾಗಿ ಒಳಗೆ ನಡೆದರು. ಭಾವ ಆಗಲೇ ಗಿಟಾರನ್ನು ಸೋಪುಡಬ್ಬಿಗೆ ಸಿಕ್ಕಿಸುತ್ತಿದ್ದರು.