ಚಳಿಜ್ವರಕ್ಕೆ ಮೂರು ಮದ್ದು

ಮೇಲೆ ಬೆಟ್ಟದಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ವರ್ಷಗಳಲ್ಲಿ ನಾನು ತಮಿಳು ಸೀಮೆಯ ಚಿನ್ನಮನೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಮದ್ದು ಬೆರೆಸುವ ಕೆಲಸದಲ್ಲಿದ್ದೆ. ಕಣಿವೆಯ ಊರೂರಲ್ಲೂ ಚಳಿಜ್ವರ. ರಕ್ತದೊಳಗೆ ಸೇರಿಕೊಳ್ಳುವ ಒಂದು ಜೀವಿಯೇ ಅದಕ್ಕೆ ಕಾರಣವೆಂದು ನಮ್ಮ ಡಾಕ್ಟರು ಓದಿದ್ದರು. ಯಾವ ಮದ್ದು ಅದನ್ನು ಚೆನ್ನಾಗಿ ಅಡಗಿಸುತ್ತದೆಂದು ತಾವೇ ನೋಡಬೇಕೆಂಬ ಹಟ ಅವರದು.

ಮದ್ದುಗಳು ಮೂರು. ದಿಂಡಿಗಲ್ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ಬರುವ ಬಿಳಿ ಕ್ವಿನೈನ್ ಎಂದೂ ಸಾಲುತ್ತಿರಲಿಲ್ಲ. ಕ್ವಿನೈನ್ ತೆಗೆಯುವ ಸಿಂಕೋನಾ ಮರದ ತೊಗಟೆಯ ಕಹಿ ಸಾರಗಳೆಲ್ಲ ಬೆರೆತ ಕಂದು ಪುಡಿ ಬೇಕಾದಷ್ಟಿತ್ತು. ನುಂಗಿದವರಿಗೆ ಹೊಟ್ಟೆ ತೊಳಸುತ್ತಿತ್ತು. ಮೂರನೆಯದಕ್ಕೂ ತೊಗಟೆಗೂ ಸಂಬಂಧವಿಲ್ಲ, ಪಾಷಾಣ ಕರಗಿಸಿದ ನೀರು, ಹನಿಹನಿಯಾಗಿ ಕೊಡಬೇಕು. ಬಂದ ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ವಾರಕ್ಕೊಮ್ಮೆ ಅವರ ಮನೆಗೇ ಹೋಗಿ ವಿಚಾರಿಸಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಅದೇ ಕಣಿವೆಯ ಕೊಂಬೈ ಊರಿಗೆ ಮದುವೆ ಮಾಡಿಕೊಟ್ಟಿದ್ದ ನನ್ನಕ್ಕ ಜ್ವರ ಹೊತ್ತು ಬಂದಾಗ ಸರದಿ ಪಾಷಾಣದ್ದಾಗಿತ್ತು. ಬದಲಿಸಬಹುದಿತ್ತು. ಬದಲಿಸಲಿಲ್ಲ.

ಎರಡು ವಾರ ಅವಳು "ಚೆನ್ನಾಗಿದ್ದೀನಿ" ಅಂದಳು. ನಡುಕ ನಿಂತಿತ್ತು, ನಾನು ಗುಣ ಎಂದು ಬರೆದೆ. ಮೂರನೆಯ ವಾರ ನನಗೆ ಊಟ ಬಡಿಸಿ ತಾನು ಗಂಜಿಯ ತಿಳಿ ಮಾತ್ರ ಕುಡಿದಳು. ರೆಪ್ಪೆಗಳು ಊದಿಕೊಂಡಿದ್ದವು. ಅತ್ತಿದ್ದೀಯಾ ಎಂದು ಕೇಳಿದರೆ ಒಲೆಯ ಹೊಗೆ ಅಂದಳು. ಪಾಷಾಣ ಹೆಚ್ಚಾದರೆ ಮೊದಲು ರೆಪ್ಪೆ ಊದುತ್ತದೆಂದು ಡಾಕ್ಟರು ಹೇಳಿಕೊಟ್ಟಿದ್ದರು. ನಾನು ಎದ್ದು ಹೋಗದೆ ಕೂತೇ ಇದ್ದೆ. ಕೊನೆಗೆ, ಹೊಟ್ಟೆಯಲ್ಲಿ ಉರಿ ಹತ್ತಿ ಎಂಟು ದಿನವಾಯಿತೆಂದು ಒಪ್ಪಿಕೊಂಡಳು.

"ಮೊದಲೇ ಹೇಳಬಾರದಿತ್ತಾ, ಅಕ್ಕಾ?"

"ನಿನ್ನ ಪುಸ್ತಕದಲ್ಲಿ ಒಳ್ಳೇದೇ ಇರಲಿ ಅಂತ ಸುಮ್ನಿದ್ದೆ, ತಮ್ಮಾ."

ಸೀಸೆಯನ್ನು ಅಲ್ಲೇ ತೆಗೆದುಕೊಂಡೆ. ಆ ಮಧ್ಯಾಹ್ನವೇ ಕೊಂಬೈಯ ಉಳಿದ ರೋಗಿಗಳ ಮನೆಗಳಿಗೂ ಹೋದೆ. ಈ ಸಲ ಹೇಗಿದ್ದೀರಿ ಎಂದು ಕೇಳಲಿಲ್ಲ. ಬೆಳಕಿಗೆ ಕರೆದು ಕಣ್ಣು ನೋಡಿದೆ, ಏನುಂಡಿರಿ ಎಂದು ಕೇಳಿದೆ. ಹನಿ ಕುಡಿಯುತ್ತಿದ್ದ ಇನ್ನಿಬ್ಬರ ರೆಪ್ಪೆಯೂ ಊದಿತ್ತು. ಕಂದು ಪುಡಿಯ ಒಬ್ಬ ಅಜ್ಜ ಪೊಟ್ಟಣಗಳನ್ನು ಬಿಚ್ಚದೆ ಹೆಂಚಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ. ಡಾಕ್ಟರ ತಮಿಳಿಗೆ ಹೆದರುವವರು ನಮ್ಮ ಮನೆಮಾತಿನ ಕನ್ನಡದಲ್ಲಿ ನನಗಾದರೂ ನಿಜ ಹೇಳುತ್ತಾರೆಂದು ನಂಬಿದ್ದೆ. ನಮ್ಮವನೆಂದೇ ಅವರು ನನ್ನ ಮನಸ್ಸು ನೋಯಿಸಿರಲಿಲ್ಲ.

ಡಾಕ್ಟರು ಬೈಯುತ್ತಾರೆಂದುಕೊಂಡೇ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಪುಟ ತಿರುವಿದರು, ಪಾಷಾಣದ ಹನಿಯನ್ನು ಎಲ್ಲರಿಗೂ ನಿಲ್ಲಿಸಿದರು, ಗುಣ ಎಂದು ನಾನು ಬರೆದದ್ದರ ಮೇಲೆಲ್ಲ ಗೆರೆ ಎಳೆದರು. ಮೊದಲಿಂದ ಶುರುಮಾಡು ಎಂದಷ್ಟೇ ಅಂದರು.

ಮತ್ತೆ ನೋಡಿದಾಗ ಕ್ವಿನೈನೇ ಮೇಲೆಂದು ಕಂಡಿತು. ಅದು ಸಾಲದ್ದರಿಂದ ಬಹಳ ಜನಕ್ಕೆ ಕಂದು ಪುಡಿಯನ್ನೇ ಕಡಿಮೆ ಮಾಡಿ, ಊಟದ ಮೇಲೆ ಕೊಡತೊಡಗಿದೆವು. ಅಕ್ಕನ ಜ್ವರ ಮುಂದಿನ ಮಳೆಗಾಲ ತಿರುಗಿ ಬಂತು. ಆಗ ಕ್ವಿನೈನ್ ತೆಗೆದುಕೊಂಡಳು. ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತದೆ, ಕರೆದರೆ ಕೇಳಿಸುವುದಿಲ್ಲ ಎಂದು ದಿನವೂ ನನ್ನನ್ನು ಬೈದಳು. ಬೈದದ್ದನ್ನೆಲ್ಲ ಬರೆದುಕೊಂಡೆ.