ರೈಟ್ ಅನ್ನುವವರಿಲ್ಲದ ಬಸ್ಸು

ಸರದಾರಸಾಬನಿಗೆ ಈಗ ಒಂದೇ ಕಣ್ಣು. ಅದೂ ಬೆಳಿಗ್ಗೆ ಔಷಧದ ಹನಿ ಬಿಟ್ಟ ಮೇಲೆ ಅರ್ಧ ತಾಸು ಮಾತ್ರ ನೆಟ್ಟಗೆ ಕಾಣುತ್ತದೆ. ಆಮೇಲೆ ನೀರು ಸುರಿದು ದಿನವಿಡೀ ಬರೀ ಮಂಜು. ಇಷ್ಟಾದರೂ ಎಷ್ಟು ದಿನ ಉಳಿಯುತ್ತದೋ ಹೇಳಲಾಗದು ಎಂದು ಯಾದಗಿರಿಯ ಡಾಕ್ಟರು ಕೈ ಚೆಲ್ಲಿದ್ದಾರೆ. ಅಂಥ ಅರ್ಧ ತಾಸನ್ನು ಈ ಮನುಷ್ಯ ಮೊಬೈಲಿನಲ್ಲಿ ಬಸ್ ಓಡಿಸುವ ಆಟ ಆಡಿ ಕಳೆಯುತ್ತಿದ್ದಾನೆ ಎಂದು ಅವನ ಹೆಂಡತಿ ಸುಗರಾಬಿ ಫೋನು ಮಾಡಿ ಹೇಳಿದಾಗ ನನ್ನ ಪಿತ್ತ ನೆತ್ತಿಗೇರಿತು.

“ನಾಗಣ್ಣಾರ, ನೀವರ ಬಂದು ಬುದ್ಧಿ ಹೇಳ್ರಿ. ಮೊಮ್ಮಗಳ ಮಾರಿ ಫೋನಿನ್ಯಾಗ ನೋಡ್ರಿ ಅಂದ್ರ ಆಮ್ಯಾಲ ಅಂತಾರ. ಆಮ್ಯಾಲ ಎಲ್ಲಿ ಕಾಣತದ್ರಿ ಅವರಿಗಿ?” ಎಂದಳು. ದನಿ ಸೋತುಹೋಗಿತ್ತು.

ನಾನು ಅವನ ಕಂಡಕ್ಟರ್. ಇಬ್ಬರೂ ರಿಟೈರಾಗಿ ವರ್ಷಗಳೇ ಆದವು. ಆದರೂ ಸುರಪುರದಲ್ಲಿ ನನ್ನ ಮನೆ ಕೇಳಿದವರಿಗೆ ‘ಸರದಾರಸಾಬನ ಕಂಡಕ್ಟರನ ಮನೆಯಾ?’ ಎಂದೇ ಜನ ತೋರಿಸುತ್ತಾರೆ. ಸುರಪುರ, ಶಹಾಪುರ, ಯಾದಗಿರಿ. ಹೋಗುವುದು, ಬರುವುದು, ಮತ್ತೆ ಹೋಗುವುದು. ಅವನು ಸ್ಟೇರಿಂಗ್ ಹಿಡಿದು ಬೆನ್ನು ಬಗ್ಗಿಸಿಕೊಂಡ, ನಾನು ಬಾಗಿಲ ಬಳಿ ನಿಂತು ಮೊಣಕಾಲು ಕೆಡಿಸಿಕೊಂಡೆ. ನಮ್ಮ ಆಯುಷ್ಯ ಸವೆದದ್ದು ಹೀಗೆ.

ಅವನು ಮೊಂಡ. ನೌಕರಿಯ ಶುರುವಿನಲ್ಲಿ ಯಾರೋ ಪ್ಯಾಸೆಂಜರ್ ‘ರೈಟ್’ ಅಂದದ್ದಕ್ಕೆ ಇವನು ಬಸ್ಸು ಬಿಟ್ಟಾಗ, ಇಳಿಯುತ್ತಿದ್ದ ಅಜ್ಜಿಯೊಬ್ಬಳು ಬಿದ್ದು ಕೈ ಮುರಿದುಕೊಂಡಿದ್ದಳು. ಅಂದಿನಿಂದ ಕಂಡಕ್ಟರ್ ರೈಟ್ ಅನ್ನದೆ ಅವನ ಬಸ್ಸು ಅಲುಗಾಡುತ್ತಿರಲಿಲ್ಲ. ಒಮ್ಮೆ ನಾನು ದೋರನಹಳ್ಳಿಯಲ್ಲಿ ನೀರು ಕುಡಿಯಲು ಇಳಿದು ಯಾರೊಂದಿಗೋ ಮಾತಿಗೆ ನಿಂತುಬಿಟ್ಟೆ. ಬಸ್ಸಿನ ಮಂದಿಯೆಲ್ಲ ಗಂಟಲು ಹರಿದುಕೊಂಡು ‘ರೈಟ್ ರೈಟ್’ ಎಂದು ಕೂಗಿದರೂ ಅವನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. “ಇದು ನಮ್ ನಾಗಣ್ಣನ ದನಿ ಅಲ್ರಿ” ಅಂದನಂತೆ.

ಮಾರನೇ ದಿನ ಬೆಳಿಗ್ಗೆ ಬೈಯಲು ಸಿದ್ಧನಾಗಿಯೇ ಹೋದೆ. ಹೊರಸಿನ ಮೇಲೆ ಕೂತು ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ.

“ಏ ಸಾಬಾ, ಖಬರ್ ಅದನೋ ಇಲ್ಲೋ ನಿನಗ? ಇರೋದೊಂದು ಕಣ್ಣು, ಅದನ್ನೂ ಹಾಳು ಮಾಡ್ಕೊಳ್ಳಾಕತ್ತಿಯಲ್ಲ!”

“ಕೂಡು. ಬೈಯೋದಿದ್ರ ಕೂತು ಬೈ,” ಎಂದ. “ಮಗಳು ಫರ್ಹೀನ್ ಬಂದಾಗ ಹಾಕಿಕೊಟ್ಟು ಹೋಗ್ಯಾಳ. ಅಬ್ಬಾ, ಹೊತ್ತು ಹೋಗತದ ಅಂದ್ಳು. ಛಲೋ ಅದನೋ ಇಲ್ಲೋ ಇನ್ನಾ ತಿಳಿವಲ್ದು.”

ಇಣುಕಿ ನೋಡಿದೆ. ನಮ್ಮದರಂಥ ಕೆಂಪು ಬಸ್ಸೇ. ಆದರೆ ರಸ್ತೆಯಲ್ಲಿ ಒಂದು ಹಂಪ್ ಇಲ್ಲ, ಒಂದು ಕುರಿ ಇಲ್ಲ. ಹತ್ತಿದವರಿಗೆಲ್ಲ ಒಂದೇ ಮುಖ, ಒಂದೇ ಅಂಗಿ. ಬಾಗಿಲು ಹಾಕಿಕೊಂಡಿತು, ಹೊರಡು ಎಂದು ಹಸಿರು ಬಾಣ ಬಡಿದುಕೊಳ್ಳತೊಡಗಿತು. ಇವನು ಸುಮ್ಮನೆ ಕೂತ. ತುಸು ಹೊತ್ತಿಗೆ ಲೇಟಾಯಿತೆಂದು ಕೆಂಪಕ್ಷರ ಬಂದು ಆಟ ಮುಗಿಯಿತು. ಮತ್ತೆ ಅದೇ ಸ್ಟಾಪು, ಮತ್ತೆ ಅದೇ ಕೆಂಪಕ್ಷರ.

“ದಿನಾ ಹಿಂಗs. ಮೊದಲನೇ ಸ್ಟಾಪ್ ದಾಟೇ ಇಲ್ಲ,” ಎಂದ.

ಇವನಿಗೆ ಕಣ್ಣು ಪೂರ್ತಿ ಹೋಯಿತೇನೋ ಎಂದು ಹೆದರಿದೆ. “ಹಸಿರು ಬಾಣ ಕಾಣಾಕತ್ತದಿಲ್ಲೋ?”

“ಕಾಣಾಕತ್ತದ.”

“ಮತ್ತ ಬಿಡಬೇಕಿಲ್ಲೋ ಗಾಡಿ?”

“ಹ್ಯಾಂಗ ಬಿಡಲಿ? ರೈಟ್ ಅಂದವರು ಯಾರು?”

ನಗಬೇಕೆಂದು ಬಾಯಿ ತೆರೆದೆ, ಅಳು ಬಂತು. ಸುಳ್ಳು ಯಾಕೆ ಹೇಳಲಿ? ಅವನ ಪಕ್ಕದಲ್ಲಿ ಕೂತು, ಮೂಗು ಒರೆಸಿಕೊಂಡು, “ರೈಟ್,” ಎಂದೆ.

ಬಸ್ಸು ಹೊರಟಿತು.

ಮುಂದಿನ ಸ್ಟಾಪಿಗೆ, “ಹೋಲ್ಡಾನ್! ಹತ್ತಿಗುಡೂರ ಯಾರ್ರಿ, ಇಳೀರಿ ಲಗೂನ!” ಎಂದು ಕೂಗಿದೆ. ಅವನಿಗೆ ನಗು ತಡೆಯಲಾಗಲಿಲ್ಲ. ಆ ದಿಕ್ಕಿಲ್ಲದ ರಸ್ತೆಯಲ್ಲಿ ಭೀಮರಾಯನಗುಡಿ ಬಂತು, ಶಹಾಪುರ ಬಂತು. ಗದ್ದಲ ಕೇಳಿ ಒಳಗಿನಿಂದ ಬಂದ ಸುಗರಾಬಿ ಹಣೆ ಬಡಿದುಕೊಂಡಳು. “ಯಾ ಅಲ್ಲಾ! ಬುದ್ಧಿ ಹೇಳ್ರಿ ಅಂತ ಕರದ್ರ ನೀವೂ ಬಸ್ ಹತ್ತೀರೇನ್ರಿ?”

“ತಡೀರಿ ಭಾಬಿ, ಯಾದಗಿರಿ ಬಂತು,” ಎಂದೆ.

ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತಿತು. ಮೊಬೈಲಿನಲ್ಲಿ ಪಟಾಕಿ ಹಾರಿ, ಚುಕ್ಕಿ ಬಿದ್ದು, ಮತ್ತೆ ಆಡುತ್ತೀರಾ ಎಂದು ಕೇಳಿತು.

“ಇಷ್ಟೇನು?” ಎಂದ ಸರದಾರಸಾಬ. ಮುಖ ಬಾಡಿತು. “ಇದರಾಗ ಏನಿಲ್ಲ ನಾಗಣ್ಣ. ಹತ್ತತಾರ, ಇಳಿತಾರ, ಒಬ್ರಿಗೂ ಊರಿಲ್ಲ. ಫೋನಿನ್ಯಾಗಿಂದ ತೆಗದುಬಿಡು.”

ಅದೇ ಮಾತು ಹೇಳಲು ಬಂದವನು ನಾನು. ಆದರೆ ಕೈ ಬರಲಿಲ್ಲ. “ಇರಲಿ ಬಿಡೋ. ನಾಳಿ ಬರತೀನಿ, ಇನ್ನೊಂದು ಟ್ರಿಪ್...”

“ಬ್ಯಾಡ. ಕಣ್ಣು ದಣದದ. ಅರ್ಧಕ್ಕ ಬಿಡಬಾರದು ಅಂತ ಇಷ್ಟು ದಿನ ಇಟ್ಟಿದ್ದೆ. ಟ್ರಿಪ್ ಮುಗೀತು, ತೆಗಿ.”

ತೆಗೆದೆ. ಅವನು ನನ್ನ ಭುಜ ಹಿಡಿದು ಬೆಳಕಿನ ಕಡೆ ತಿರುಗಿಸಿದ.

“ಕಣ್ಣಾಗ ನೀರು ಬರೋದಕ್ಕ ಇನ್ನಾ ಸ್ವಲ್ಪ ಟೈಮ್ ಅದ. ಹಿಂಗ ಕೂಡು. ಅಷ್ಟು ವರ್ಷ ನೀ ಬೆನ್ನ ಹಿಂದs ಇದ್ದಿ. ಕನ್ನಡಿಯೊಳಗ ನಿನ್ನ ತಲಿ ಅಷ್ಟ ಕಾಣ್ತಿತ್ತು. ನಿನ್ನ ಮಾರಿ ಸರಿಯಾಗಿ ನೋಡೇ ಇಲ್ಲಲೇ.”

“ಏನ್ ಚೆಂದ ಅದ ಅಂತ ನೋಡತಿ? ಮುದುಕ ಆಗೀನಿ,” ಎಂದು ರೇಗಿದೆ. ಅವನು ಹಣೆ, ಮೀಸೆ, ಗದ್ದ ಎಂದು ನಿಧಾನವಾಗಿ ನೋಡಿದ. ಸುಗರಾಬಿ ಚಹಾ ತಂದಿಟ್ಟು ಸದ್ದಿಲ್ಲದೆ ಒಳಹೋದಳು. ಅವನ ಕಣ್ಣಿನ ಅಂಚಿನಲ್ಲಿ ನೀರು ಕೂಡತೊಡಗಿತು. ಒರೆಸಿಕೊಳ್ಳಲಿಲ್ಲ.

“ಆತು ನಾಗಣ್ಣ,” ಎಂದ. “ಇನ್ನ ರೈಟ್ ಅನ್ನು.”

ನಾನು ಅನ್ನಲಿಲ್ಲ. ನಾನು ಅನ್ನದೆ ಅವನು ಹೊರಡುವವನಲ್ಲ.