ಅತ್ತೆಯ ಸೀಟಿನಲ್ಲಿ ಒಂದು ರೌಂಡು

ನಮ್ಮ ಕಾರಿಗೆ ಹದಿನಾರು ವರ್ಷ. ಅಷ್ಟೂ ವರ್ಷ ಓಡಿಸಿದವಳು ನಾನೇ. ನನ್ನ ಗಂಡ ಡ್ರೈವಿಂಗ್ ಕಲಿಯುವ ಗೋಜಿಗೇ ಹೋಗಲಿಲ್ಲ. ಮುಂದೆ ನನ್ನ ಪಕ್ಕ ಕೂತು, ಬೆಲ್ಟ್ ಬಿಗಿದುಕೊಂಡು, ವಿದ್ಯಾನಗರ ದಾಟುವುದರೊಳಗೆ ಗೊರಕೆ ಶುರುಮಾಡುವುದು ಅವರ ಪಾಲಿನ ಕೆಲಸ. ಹಿಂದಿನ ಸೀಟು ಅತ್ತೆಯವರದು. ಈಚಿನ ಐದಾರು ವರ್ಷವಂತೂ ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಅಲ್ಲಿಂದ ಒಂದೇ ಮಾತು: "ಸಾವಕಾಶ ಹೊಡಿಯವಾ, ನಾ ಏನ್ ಜ್ವಾಳದ ಚೀಲೇನು?"

ರಸ್ತೆಯೇ ಸರಿಯಿಲ್ಲ ಎಂದರೆ, "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ಉತ್ತರ ತಯಾರಿರುತ್ತಿತ್ತು. ಅವರ ತಕರಾರು ನನ್ನ ಮೇಲಲ್ಲ, ಕಾರಿನ ಮೇಲೆ ಇರಬಹುದು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಸಾರಿಗೆ ಉಪ್ಪು ಕಡಿಮೆ, ಸೊಸೆಗೆ ಬಾಯಿ ಜಾಸ್ತಿ, ಕಾರು ಕುಣಿಯುತ್ತದೆ. ಎಲ್ಲವನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ.

ಕಳೆದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ವಾರಕ್ಕೆ ಮೂರು ಸಲ ಸತ್ತೂರಿನ ಆಸ್ಪತ್ರೆಗೆ ಕರೆತಂದು ಕಾಲಿನ ವ್ಯಾಯಾಮ ಮಾಡಿಸಬೇಕು, ಇಲ್ಲದಿದ್ದರೆ ಕಾಲು ಬಿಗಿದುಕೊಂಡು ಹಾಸಿಗೆಯೇ ಗತಿ ಎಂದರು ಡಾಕ್ಟರು. ಒಂದು ವಾರ ಹೋದೆವು. ಎರಡನೆಯ ವಾರ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

"ಅಲ್ಲಿ ಅವರು ಕೂಡಿಸಿದ್ದನ್ನ ದಾರ್ಯಾಗ ನೀ ಬಿಚ್ಚತಿ. ಹಾಸಗ್ಯಾಗ ಸಾಯ್ತೇನಿ, ಆ ಕಾರ್ ಮಾತ್ರ ಹತ್ತಂಗಿಲ್ಲ."

ಆಟೋ ಅದಕ್ಕಿಂತ ಕಡೆ. ಬಾಡಿಗೆ ಕಾರು ಬೇಡವಂತೆ, ಗುರುತಿಲ್ಲದ ಡ್ರೈವರನ ಮುಂದೆ ನರಳಲು ನಾಚಿಕೆ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಹಠ ಹಿಡಿದು ಅವರು ನಿಜಕ್ಕೂ ಮಲಗಿಯೇ ಉಳಿದರೆ? ಆ ಬಾಯಿ ಸುಮ್ಮನಾದ ಮನೆಯಲ್ಲಿ ನಾನು ಯಾರ ಜೊತೆ ಜಗಳವಾಡಲಿ?

ಅವರ ಸಮಾಧಾನಕ್ಕಾದರೂ ಕಾರು ತೋರಿಸೋಣ ಎಂದುಕೊಂಡೆ. ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಮೆಕ್ಯಾನಿಕ್ ಚಾಚಾ ಇದ್ದಾರೆ, ಹಳೆಯ ಗಾಡಿಗಳಿಗೆ ಅವರೇ ಸರಿ ಎಂದು ಯಾರೋ ಹೇಳಿದರು. ಹೋದೆ. ಅವರದೊಂದು ವಿಚಿತ್ರ ನಿಯಮ. ತಕರಾರು ಯಾವ ಸೀಟಿನಿಂದ ಬಂದಿದೆಯೋ ಗಾಡಿಯ ಮಾಲೀಕರು ಆ ಸೀಟಿನಲ್ಲಿ ಕೂತು ಒಂದು ರೌಂಡು ಬರಬೇಕು. ಆಮೇಲೆಯೇ ಅವರು ಸ್ಪ್ಯಾನರ್ ಮುಟ್ಟುವುದು.

"ಹಿಂದ ಕೂಡ್ರಿ ಅಕ್ಕಾರ."

"ಚಾಚಾ, ನನಗ ಮನ್ಯಾಗ ಕೆಲಸ ಐತ್ರಿ. ಲಗೂ ಗಾಡಿ ನೋಡ್ರಿ."

"ಗಾಡಿ ನಾ ನೋಡ್ತೇನಿ. ಈ ಗಾಡ್ಯಾಗ ಹಿಂದ ಯಾವಾಗರ ಕುಂತೀರೇನ್ರಿ?"

ಕೂತಿರಲಿಲ್ಲ. ಅಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ.

ಚಾಚಾ ಗಾಡಿ ಬಿಟ್ಟರು. ಮೊದಲ ಗುಂಡಿಗೆ ಹಲ್ಲಿಗೆ ಹಲ್ಲು ಬಡಿಯಿತು. ಹಂಪು ದಾಟಿ ಎಷ್ಟೋ ಮುಂದೆ ಬಂದ ಮೇಲೂ ಸೀಟು ಕುಪ್ಪಳಿಸುತ್ತಲೇ ಇತ್ತು. ಮುಂದೆ ಚಾಚಾ ಆರಾಮವಾಗಿ ಎಲೆ ಅಡಿಕೆ ಜಗಿಯುತ್ತಿದ್ದರು. ಇನ್ನೊಂದು ಗುಂಡಿಗೆ ನಾನು ಕಿರುಚಿದೆ.

"ಸಾವಕಾಶ ಹೊಡೀರಿ ಚಾಚಾ, ನಾ ಏನ್ ಜ್ವಾಳದ ಚೀಲೇನ್ರಿ?"

ಅಂದವಳೇ ಬಾಯಿ ಮುಚ್ಚಿಕೊಂಡೆ. ಮಾತು ಯಾರದೆಂದು ನನಗೆ ಗೊತ್ತಿತ್ತು.

"ಇಪ್ಪತ್ತರ ಮ್ಯಾಲ ಹೋಗಿಲ್ರಿ ಅಕ್ಕಾರ," ಎಂದರು ಚಾಚಾ. ಖರೇ ಹೇಳುತ್ತೇನೆ, ನಾಚಿಕೆಯಾಯಿತು.

ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳು, ಚಾಚಾ ಬಾಯಲ್ಲಿ ಶಾಕಪ್ಪುಗಳು, ಸತ್ತು ಯಾವ ಕಾಲವಾಗಿತ್ತೋ. "ಸ್ಪ್ರಿಂಗ್ ಜಿಗೀತೈತಿ, ಶಾಕಪ್ ಅದನ್ನ ಹಿಡದ ಕುಂಡ್ರಸ್ತೈತಿ. ಮನ್ಯಾಗ ಅತ್ತಿ-ಸೊಸಿ ಇದ್ದಂಗ್ರಿ," ಎಂದರು. ಯಾರು ಯಾವುದು ಎಂದು ನಾನು ಕೇಳಲಿಲ್ಲ.

ನಮ್ಮ ಮಾಡೆಲ್ಲಿನ ಶಾಕಪ್ ಈಗ ಬರುವುದಿಲ್ಲ. ಅದೇ ಕಾರಿನ ಹೊಸ ಮಾಡೆಲ್ಲಿನದನ್ನೇ ಹಾಕೋಣ, ಅದು ಇನ್ನೂ ಛಲೋ ಎಂದರು. ಆದರೆ ಅದರ ಕೆಳಗಿನ ತೂತು ನಮ್ಮ ಬೋಲ್ಟಿಗಿಂತ ದೊಡ್ಡದು. ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯಲ್ಲಿ ಎರಡು ಉಕ್ಕಿನ ಬಳೆ ಮಾಡಿಸಿ ತಂದು ಬೋಲ್ಟಿಗೆ ತೊಡಿಸಿದರು. ಉತ್ಸಾಹದಲ್ಲಿ ಹೊಸ ಮಾಡೆಲ್ಲಿನ ಸ್ಪ್ರಿಂಗನ್ನೂ ಹಾಕಿಬಿಟ್ಟರು. ಕಾರು ನೀರು ಕುಡಿಯಲು ಬಗ್ಗಿದ ಆಡಿನಂತೆ ಹಿಂಭಾಗ ಎತ್ತಿಕೊಂಡು ನಿಂತಿತು. ಆ ಎತ್ತರಕ್ಕೆ ಅತ್ತೆ ಕಾಲು ಎತ್ತಲಾರರು. ಮತ್ತೆ ಬಿಚ್ಚಿಸಿದೆ. ಕೊನೆಗೆ ಹಳೆಯ ಸ್ಪ್ರಿಂಗು, ಹೊಸ ಶಾಕಪ್ಪು ಎಂದು ರಾಜಿಯಾಯಿತು. ಈ ಸಲ ಹೇಳಿಸಿಕೊಳ್ಳದೆ ನಾನೇ ಹಿಂದೆ ಹತ್ತಿ ಕೂತೆ. ಅದೇ ಗುಂಡಿ, ಅದೇ ಹಂಪು. ಗಾಡಿ ಒಮ್ಮೆ ಕುಗ್ಗಿತು, ಒಮ್ಮೆ ಎದ್ದಿತು, ಸುಮ್ಮನಾಯಿತು.

ಮನೆಗೆ ಬಂದು ಗೋಡೆ ನೋಡುತ್ತ ಮಲಗಿದ್ದವರ ಬೆನ್ನಿಗೆ ಹೇಳಿದೆ: "ಅತ್ತೀ, ನಾನೂ ಹಿಂದ ಕುಂತ ನೋಡಿದ್ನಿರಿ. ನೀವು ಹೇಳಿದ್ದು ಖರೇ ಇತ್ತು."

ಈ ಮಾತು ನನ್ನ ಬಾಯಿಂದ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಅತ್ತೆ ನಿಧಾನವಾಗಿ ಈ ಕಡೆ ಹೊರಳಿ, ನನಗೆ ಜ್ವರಗಿರ ಬಂದಿದೆಯೇನೋ ಎಂಬಂತೆ ನೋಡಿದರು.

ಮರುದಿನ ಕಾರು ಹತ್ತಿದರು. ಉಣಕಲ್ ಹತ್ತಿರದ ಹಂಪು ಬಂದಾಗ ಕನ್ನಡಿಯಲ್ಲಿ ನೋಡಿದೆ. ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಅವುಚಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾಯುತ್ತಿದ್ದರು. ಇಷ್ಟು ವರ್ಷ ಪ್ರತಿ ಹಂಪಿಗೂ ಹೀಗೇ ಕೂರುತ್ತಿದ್ದರೋ ಏನೋ, ನಾನು ಕನ್ನಡಿಯಲ್ಲಿ ಲಾರಿಗಳನ್ನಷ್ಟೇ ನೋಡುತ್ತಿದ್ದೆ. ಹಂಪು ದಾಟಿತು. ಏನೂ ಆಗಲಿಲ್ಲ. ಅವರು ಕಣ್ಣು ತೆರೆದು ಒಂದೊಂದೇ ಕೈ ಬಿಟ್ಟರು.

"ಇಷ್ಟು ತ್ರಾಸ ಆಗ್ತಿದ್ರ ಮೊದಲ ಯಾಕ ಹೇಳ್ಲಿಲ್ರಿ?" ಎಂದೆ.

"ಹೇಳೀನಲ್ಲವಾ. ನಿನಗ ಬೈದಂಗ ಕೇಳಿಸ್ತು."

ಮುಂದಿನ ಹಂಪಿಗೆ ನಾನು ದೂರದಿಂದಲೇ ಗೇರು ಇಳಿಸಿದೆ. ನನ್ನ ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಈಗ ಅತ್ತೆ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆದು ಬರುತ್ತಾರೆ, ಬಂದು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ಸಿಟ್ಟು ಮಾಡುವ ಮೊದಲು ನಾನು ಒಂದು ಚಮಚ ಬಾಯಿಗೆ ಹಾಕಿ ನೋಡುತ್ತೇನೆ. ಹೆಚ್ಚಿನ ಸಲ ಕಡಿಮೆಯೇ ಇರುತ್ತದೆ.